ಹಿಂದಿನ ಸಾಲಿನ ಕರ್ಣ

ದಾನದ ವಿಷಯದಲ್ಲಿ ನಾನು ಕರ್ಣನ ಪೈಕಿಯೇ. ಆದರೆ ನನ್ನ ಕೈ ಮೊದಲು ಹೋಗುವುದು ಕಪಾಟಿನ ಹಿಂದಿನ ಸಾಲಿಗೆ. ಲಂಡನ್ನಿನ ಹೌನ್ಸ್ಲೋದ ನಮ್ಮ ಅಡುಗೆಮನೆಯಲ್ಲಿ ಮುಂದಿನ ಸಾಲು ಹೆಂಡತಿಯದು: ತೊಗರಿಬೇಳೆ, ರಾಗಿಹಿಟ್ಟು, ಸಾರಿನ ಪುಡಿ. ಹಿಂದಿನದು ನನ್ನದು: ‘ಒಂದಕ್ಕೆ ಒಂದು ಉಚಿತ’ ಎಂದು ಕಂಡಲ್ಲೆಲ್ಲ ಹೊತ್ತು ತಂದ ಬೀನ್ಸ್ ಡಬ್ಬಿಗಳು, ಯಾರೂ ಮುಟ್ಟದ ಆಲಿವ್. ಫುಡ್ ಬ್ಯಾಂಕಿಗೆ ಸಾಮಾನು ಕೊಡಿ ಎಂದು ಮಗಳು ಶಾಲೆಯಿಂದ ಚೀಟಿ ತಂದದ್ದೇ ತಡ, ನನ್ನ ಔದಾರ್ಯ ಉಕ್ಕಿ ಹರಿಯಿತು.

“ರೀ, ತಾರೀಖು ನೋಡಿದ್ರಾ? ಈ ಡಬ್ಬಿ ನಮ್ಮ ಮಗಳಿಗಿಂತ ಹಿರಿಯದು!”

ಇಲ್ಲಿ ಇಲ್ಲದವರಿಗೆ ದಿನಸಿ ಹಂಚುವ ಟ್ರಸೆಲ್ ಟ್ರಸ್ಟ್ ಎಂಬ ದತ್ತಿಸಂಸ್ಥೆಯವರು ಮೊದಲ ಫುಡ್ ಬ್ಯಾಂಕ್ ತೆರೆದದ್ದು 2000ದಲ್ಲಿ, ಸಾಲ್ಸ್‌ಬರಿಯಲ್ಲಿ. ಅವರಲ್ಲಿ ಸಾಮಾನ್ಯವಾಗಿ ಡಾಕ್ಟರೋ ಶಾಲೆಯವರೋ ಬರೆದುಕೊಟ್ಟ ವೋಚರ್ ತೋರಿಸಿದರೆ ಮೂರು ದಿನದ ಸಾಮಾನು ಸಿಗುತ್ತದೆ. ತಿಪಟೂರು ಕಡೆಯ ಹಳ್ಳಿಯಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದೆ.

“ಅಲ್ಲೂ ಬಿಪಿಎಲ್ ಕಾರ್ಡ್ ಐತಾ?”

“ಕಾರ್ಡಲ್ಲಮ್ಮ, ಚೀಟಿ.”

“ಹೆಬ್ಬೆಟ್ಟು ಒತ್ತಿಸ್ಕಳಲ್ವಾ?”

“ಇಲ್ಲ.”

“ಪುಣ್ಯವಂತ್ರು! ಇಲ್ಲಿ ಸೊಸೈಟಿಗೆ ನಡ್ಕಂಡು ಹೋದ್ರೆ ಸರ್ವರ್ ಇಲ್ಲ, ನಾಳೆ ಬಾ ಅಂತಾನೆ.”

2013ರಲ್ಲಿ ಅನ್ನಭಾಗ್ಯ ಬಂದಾಗ ಕಿಲೋಗೆ ಒಂದು ರೂಪಾಯಿಯ ಅಕ್ಕಿ ಕಂಡು ಹಿಗ್ಗಿದವಳು ಅಮ್ಮ. 2023ರಲ್ಲಿ ಹೆಚ್ಚುವರಿ ಐದು ಕಿಲೋ ಅಕ್ಕಿ ಹೊಂದಿಸಲಾಗದೆ ಸರ್ಕಾರ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. “ದುಡ್ಡನ್ನ ಕುಕ್ಕರ್‌ಗೆ ಹಾಕಿದ್ರೆ ಎಷ್ಟು ವಿಷಲ್ ಕೂಗಿಸ್ಬೇಕು?” ಎಂದು ಆಗ ಕೇಳಿದ್ದಳು. ಲಂಡನ್ನಿನ ಇಂಜಿನಿಯರ್ ಮಗನ ಬಳಿ ಉತ್ತರವಿರಲಿಲ್ಲ.

ಇತ್ತ ನಾನು ಹಟಕ್ಕೆ ಬಿದ್ದು ಮುಂದಿನ ಸಾಲಿಗೇ ಕೈಹಾಕಿ ಎರಡು ಕಿಲೋ ತೊಗರಿಬೇಳೆ ಎತ್ತಿದೆ. ಹೆಂಡತಿ ಕಸಿದುಕೊಂಡಳು. ಗ್ಯಾಸು, ಕರೆಂಟಿನ ಮೀಟರಿಗೆ ಮುಂಗಡ ದುಡ್ಡು ತುಂಬಲಾಗದ ಮನೆಗಳಿವೆಯಂತೆ. ಒಲೆಯೇ ಇಲ್ಲದ ಒಂಟಿ ಕೋಣೆಗಳೂ ಇವೆಯಂತೆ. ಅಂಥವರಿಗೆ ಕೆಟಲಿನ ಬಿಸಿನೀರಿನಲ್ಲೇ ಆಗುವ ತಿನಿಸುಗಳ ಚೀಲವನ್ನು ಕೆಲವು ಫುಡ್ ಬ್ಯಾಂಕುಗಳು ಬೇರೆಯಾಗಿಯೇ ಕಟ್ಟುತ್ತವೆ. “ಬೇಳೆ ಕೊಟ್ಟು ಕುಕ್ಕರ್ ಹೊತ್ಕೊಂಡು ನೀವೂ ಹಿಂದೆ ಹೋಗ್ತೀರಾ?” ಎಂದವಳೇ ಅಂಗಡಿಗೆ ಹೋಗಿ ಓಟ್ಸು, ಕಪ್ ಸೂಪು, ಬಿಸ್ಕತ್ತು ತಂದಳು. ದುಡ್ಡು ನನ್ನದೇ, ಪೂರ್ತಿ ಬೆಲೆಯದು, ಒಂದೂ ಉಚಿತವಿಲ್ಲ.

ಸೂಪರ್‌ಮಾರ್ಕೆಟ್ ಬಾಗಿಲ ಬಳಿ ಫುಡ್ ಬ್ಯಾಂಕಿನ ಬುಟ್ಟಿ ಕಂಡರೆ ನೀವೂ ಏನಾದರೂ ಹಾಕಿ. ಹಾಕುವ ಮುಂಚೆ ತಾರೀಖು ನೋಡಿ. ಮುಚ್ಚಳ ಕೈಯಲ್ಲೇ ಎಳೆದು ತೆಗೆಯುವಂಥ ಡಬ್ಬಿಯನ್ನೇ ಆರಿಸಿ. ಟಿನ್ ಓಪನರ್ ಎಲ್ಲರ ಮನೆಯಲ್ಲೂ ಇರುವುದಿಲ್ಲ.