ಮೂವರ ವಾಟ್ನಿ, ನಲವತ್ತು ಗುಂಟೆ

ಒಂದು ಸಂಖ್ಯೆಯನ್ನು ಶೇಷವುಳಿಯದಂತೆ ಭಾಗಿಸುವ ಸಂಖ್ಯೆಗಳು ಅದರ ಅಪವರ್ತನಗಳೆಂದೂ, ಒಂದು ಮತ್ತು ತಾನು ಇವೆರಡನ್ನು ಬಿಟ್ಟರೆ ಬೇರಾವ ಅಪವರ್ತನವೂ ಇಲ್ಲದ, ಒಂದಕ್ಕಿಂತ ದೊಡ್ಡ ಸಂಖ್ಯೆ ಅವಿಭಾಜ್ಯವೆಂದೂ ಶಾಲೆಯಲ್ಲಿ ಕಲಿಸುತ್ತಾರೆ. ಆದರೆ ಆ ವಿದ್ಯೆಯ ನಿಜವಾದ ಪರೀಕ್ಷೆ ನಡೆಯುವುದು ಅಣ್ಣತಮ್ಮಂದಿರು ಬೇರೆಯಾಗುವ ದಿನ, ಹೊಲದ ಬದುವಿನ ಮೇಲೆ.

ಈ ವಿಷಯದಲ್ಲಿ ರಟ್ಟೀಹಳ್ಳಿ ಇಡೀ ಜಿಲ್ಲೆಗೇ ಉಪಕಾರ ಮಾಡಿದ ಊರು. 1997ರಲ್ಲಿ ಧಾರವಾಡದಿಂದ ವಾಟ್ನಿ, ಎಂದರೆ ಪಾಲು, ಪಡೆದು ಬೇರೆ ಒಲೆ ಹೂಡಿದ ಹಾವೇರಿ ಜಿಲ್ಲೆಯ ಪಾಲಿಗೆ ಬಂದದ್ದು ಏಳು ತಾಲ್ಲೂಕುಗಳು. ಏಳು ಅವಿಭಾಜ್ಯವಾದ್ದರಿಂದ ಅವನ್ನು ಸಮಪಾಲು ಮಾಡುವುದು ಎಂಥ ಅಧಿಕಾರಿಯಿಂದಲೂ ಆಗುವಂತಿರಲಿಲ್ಲ. 2018ರಲ್ಲಿ ಹಿರೇಕೆರೂರಿನಿಂದ ಬೇರೆಯಾದ ರಟ್ಟೀಹಳ್ಳಿ ಎಂಟನೆಯದಾಗಿ ಸೇರಿದೊಡನೆ ಜಿಲ್ಲೆಯನ್ನು ಎರಡಾಗಿಯೂ ನಾಲ್ಕಾಗಿಯೂ ಹಂಚುವ ದಾರಿ ತೆರೆಯಿತು. ಹಂಚಿದರೋ ಇಲ್ಲವೋ ಎಂಬುದು ಆಡಳಿತಕ್ಕೆ ಸೇರಿದ ಮಾತು. ಹಂಚಬಹುದು ಎಂಬುದಷ್ಟೇ ಗಣಿತಕ್ಕೆ ಸೇರಿದ್ದು.

ಊರ ಹೊಲಗಳಿಗೆ ಮಾತ್ರ ಈ ಭಾಗ್ಯವಿಲ್ಲ. ಎಕರೆಗೆ ನಲವತ್ತು ಗುಂಟೆ, ಗುಂಟೆಗೆ ಹದಿನಾರು ಆಣೆ ಎಂಬ ಲೆಕ್ಕದಲ್ಲಿ ಎಕರೆಯೊಂದು 640 ಆಣೆಯಾಗುತ್ತದೆ; 640ನ್ನು ಒಡೆಯುತ್ತ ಹೋದರೆ ಸಿಗುವುದು ಏಳು ಎರಡುಗಳು ಮತ್ತು ಒಂದು ಐದು, ಮೂರರ ಸುಳಿವೇ ಇಲ್ಲ. ಆದ್ದರಿಂದ ಮೂವರು ಅಣ್ಣತಮ್ಮಂದಿರು ಎಕರೆ ಗೋವಿನಜೋಳದ ಹೊಲವನ್ನು ಹಂಚಿಕೊಂಡರೆ ತಲೆಗೆ ಹದಿಮೂರು ಗುಂಟೆ ಐದು ಆಣೆ ಬಂದು, ಒಂದು ಆಣೆ, ಎಂದರೆ ಸುಮಾರು 68 ಚದರ ಅಡಿ, ವಾರಸುದಾರರಿಲ್ಲದೆ ಉಳಿಯುತ್ತದೆ. ಜೋಡೆತ್ತು ನಿಲ್ಲುವುದಕ್ಕೆ ಸಾಕಾಗುವ ಆ ಜಾಗದ ಮೇಲೆ ಮೂರು ಮನೆತನಗಳು ಎರಡು ತಲೆಮಾರು ಮಾತು ಬಿಡುವುದಕ್ಕೆ ಕಾರಣ ದುರಾಸೆಯೆಂದು ಪಂಚರು ತೀರ್ಮಾನಿಸುತ್ತಾರೆ. ನಲವತ್ತರ ಅಪವರ್ತನಗಳಲ್ಲಿ ಮೂರು ಇಲ್ಲದಿರುವುದನ್ನು ಯಾರೂ ಪಂಚನಾಮೆಯಲ್ಲಿ ಬರೆಸುವುದಿಲ್ಲ. ಅದೇ ಊರಿನ ಕದಂಬೇಶ್ವರ ದೇವಾಲಯ ತ್ರಿಕೂಟ, ಎಂದರೆ ಮೂರು ಗರ್ಭಗುಡಿಗಳಿಗೆ ಒಂದೇ ಮಂಟಪವಿರುವಂಥದ್ದು; ಮಂಟಪವನ್ನು ಅಳೆಸುವ ಗೋಜಿಗೇ ಹೋಗದ್ದರಿಂದ ಅಲ್ಲಿಯ ದೇವರುಗಳು ಶತಮಾನಗಳಿಂದ ಒಂದೇ ಸೂರಿನಡಿ ಇದ್ದಾರೆ.

ಎಕರೆಯ ಲೆಕ್ಕ ಕಟ್ಟಿದವರು ಮಹಾವೀರಾಚಾರ್ಯನನ್ನು ಓದಿಕೊಂಡಿದ್ದರೆ ಇಷ್ಟು ತಂಟೆ ಇರುತ್ತಿರಲಿಲ್ಲ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ರಚಿತವಾದ ಅವನ ‘ಗಣಿತಸಾರಸಂಗ್ರಹ’ದಲ್ಲಿ ‘ನಿರುದ್ಧ’ವೆಂಬುದೊಂದು ಬರುತ್ತದೆ. ಹಲವು ಸಂಖ್ಯೆಗಳಿಗೆ ಸಾಮಾನ್ಯವಾದ ಅಪವರ್ತ್ಯಗಳಲ್ಲಿ, ಎಂದರೆ ಅವೆಲ್ಲವೂ ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳಲ್ಲಿ, ಅತಿ ಚಿಕ್ಕದೇ ನಿರುದ್ಧ; ಇಂದಿನ ಮಕ್ಕಳು ಲ.ಸಾ.ಅ. ಎಂದು ಬಾಯಿಪಾಠ ಮಾಡುವುದು ಅದನ್ನೇ. ಎರಡು, ಮೂರು, ನಾಲ್ಕು, ಐದರ ನಿರುದ್ಧ ಅರವತ್ತು. ಎಕರೆಗೆ ಅರವತ್ತು ಗುಂಟೆಯಿದ್ದಿದ್ದರೆ ಐವರವರೆಗಿನ, ಅಷ್ಟೇಕೆ, ಆರು ಮಂದಿಯ ಮನೆಯೂ ನಗುನಗುತ್ತ ಒಡೆಯಬಹುದಿತ್ತು.

ಎಲ್ಲಕ್ಕಿಂತ ಹಟಮಾರಿಯೆಂದರೆ ಉತಾರದಲ್ಲಿ ಮೂರು ಎಕರೆ ಮೂವತ್ತೇಳು ಗುಂಟೆ ಎಂದು ನಮೂದಾಗುವ ಹೊಲ. ಅದು ಒಟ್ಟು 157 ಗುಂಟೆ. 157 ಅವಿಭಾಜ್ಯವಾದ್ದರಿಂದ ಇಡಿ ಗುಂಟೆಗಳ ಲೆಕ್ಕದಲ್ಲಿ ಅದು ಒಬ್ಬನಿಗೆ ದಕ್ಕಬೇಕು, ಇಲ್ಲವೇ 157 ಮಂದಿಗೆ ತಲಾ ಒಂದೊಂದು ಗುಂಟೆ ಸಲ್ಲಬೇಕು. ಇದಕ್ಕೂ ಪರಿಹಾರ ಇಲ್ಲದಿಲ್ಲ. ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲ, ಒಟ್ಟು 1089 ಚದರ ಅಡಿ. ಆಣೆಯಲ್ಲಿ ಅಡಗಿಕೊಂಡಿದ್ದ ಮೂರೆಂಬ ಅಪವರ್ತನ ಅಡಿಯ ಲೆಕ್ಕದಲ್ಲಿ ಎರಡೆರಡು ಬಾರಿ ಪ್ರತ್ಯಕ್ಷವಾಗುವುದರಿಂದ ಮೂವರಿಗೂ ಸರಿಯಾಗಿ 56,991 ಚದರ ಅಡಿ ಬರುತ್ತದೆ.

ಇದಕ್ಕಿಂತ ಸುಲಭದ ದಾರಿಯೊಂದನ್ನು ಗಣಿತಕ್ಕೆ ಮೊದಲೇ ಕಾನೂನು ತೋರಿಸಿದೆ. 2005ರ ತಿದ್ದುಪಡಿಯ ಪ್ರಕಾರ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಮೂವರ ಜೊತೆಗೆ ಕೊಟ್ಟ ಮನೆಯಿಂದ ತಂಗಿಯನ್ನೂ ಕರೆಸಿದರೆ ಭಾಜಕ ನಾಲ್ಕಾಗಿ, ಅದೇ 157 ಗುಂಟೆ ತಲಾ ಮೂವತ್ತೊಂಬತ್ತು ಗುಂಟೆ ನಾಲ್ಕು ಆಣೆಯಂತೆ ಒಂದಾಣೆಯೂ ಉಳಿಯದೆ ಹಂಚಿಹೋಗುತ್ತದೆ. ತಂಗಿಯನ್ನು ಬಿಟ್ಟು ವಾಟ್ನಿ ಬರೆಸಹೊರಟವರು ಕಾನೂನಿಗೆ ಅಂಜದಿದ್ದರೂ ಶೇಷಕ್ಕಾದರೂ ಅಂಜುವುದು ಒಳ್ಳೆಯದು.