ನಲವತ್ತೆಂಟು ಗಂಟೆಗೊಂದು ಯೂನಿಟ್

ನಮ್ಮ ಕಡೆಯ ವಿಶ್ವವಿದ್ಯಾಲಯವೊಂದರ ಪರೀಕ್ಷಾ ವಿಭಾಗದಲ್ಲಿ ಮೂವತ್ತೆರಡು ವರ್ಷ ಕುರ್ಚಿ ಸವೆಸಿದವನು ನಾನು. ಮಾರ್ಕ್ಸ್ ಕಾರ್ಡು, ಪ್ರೊವಿಷನಲ್ ಸರ್ಟಿಫಿಕೇಟು, ಕಳೆದುಹೋದ ಮಾರ್ಕ್ಸ್ ಕಾರ್ಡಿಗೆ ಡೂಪ್ಲಿಕೇಟು, ಅಪ್ಪನ ಹೆಸರಿನಲ್ಲಿ ಒಂದು ‘ಎಚ್’ ಹೆಚ್ಚಾಗಿ ಬಿದ್ದದ್ದಕ್ಕೆ ಅಫಿಡವಿಟ್ಟು, ಇವುಗಳ ನಡುವೆಯೇ ತಲೆ ನರೆಯಿತು. ಹಾಗಾಗಿ ಕ್ಯಾಲಿಫೋರ್ನಿಯಾದ ಮಗನ ಮನೆಗೆ ಗ್ರೀನ್ ಕಾರ್ಡ್ ಹಿಡಿದು ಬಂದು ನೆಲೆಸಿದ ಮೇಲೆ, ಊರಿನವರು ಫೋನ್ ಮಾಡಿ ‘ಹೊತ್ತು ಹೇಗೆ ಹೋಗುತ್ತೆ?’ ಎಂದು ಕೇಳಿದಾಗ ನಿಜ ಹೇಳಲು ಸಂಕೋಚವಾಗುತ್ತದೆ. ನಾನು ಇಲ್ಲಿನ ಕಮ್ಯುನಿಟಿ ಕಾಲೇಜಿನ ಕ್ಯಾಟಲಾಗು ಓದುತ್ತೇನೆ. ಅದರಲ್ಲೂ ಡಿಗ್ರಿ ಮತ್ತು ಸರ್ಟಿಫಿಕೇಟಿಗೆ ಏನೇನು ಬೇಕು ಎಂಬ ಅಧ್ಯಾಯವನ್ನು, ಕೆಲವರು ಪತ್ತೇದಾರಿ ಕಾದಂಬರಿ ಓದುವ ಹಾಗೆ.

ಈ ಚಟಕ್ಕೆ ಕಾರಣ ನನ್ನ ಹೆಂಡತಿ. ಬಂದ ಎರಡನೇ ವರ್ಷ ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಾ, ‘ರೀ, ನಾನು ಕಾಲೇಜಿಗೆ ಸೇರ್ತೀನಿ’ ಎಂದಳು. ಪಕ್ಕದ ಬೀದಿಯ ತೆಲುಗಿನವರ ಸೊಸೆ ಹೇಳಿಕೊಟ್ಟದ್ದಂತೆ: ಕಾಲೇಜಿನಲ್ಲಿ ಮಕ್ಕಳ ಶಿಕ್ಷಣದ ಹನ್ನೆರಡು ಯೂನಿಟ್ ಮುಗಿಸಿದರೆ ಪ್ರೀಸ್ಕೂಲಿನಲ್ಲಿ ಟೀಚರಾಗಬಹುದು. ಇದು ಗಾಳಿಮಾತಲ್ಲ, ಈ ರಾಜ್ಯದ ನಿಯಮವೇ ಹಾಗಿದೆ. ಬೇ ಏರಿಯಾದಲ್ಲಿ ಎಷ್ಟೋ ಭಾರತೀಯ ಹೆಂಗಸರು ಈ ಹನ್ನೆರಡು ಯೂನಿಟ್ಟಿನ ಸೇತುವೆ ದಾಟಿಯೇ ಕೆಲಸಕ್ಕೆ ಹೋಗುತ್ತಿದ್ದಾರೆ.

ನಾನು ಕೂಡಲೇ ಅಟ್ಟದಿಂದ ಸೂಟ್‌ಕೇಸ್ ಇಳಿಸಿ ಫೈಲು ತೆಗೆದೆ. ಅವಳ ಎಸ್ಸೆಸ್ಸೆಲ್ಸಿ, ಪಿಯುಸಿ, ಹಿಸ್ಟರಿ-ಎಕನಾಮಿಕ್ಸ್-ಕನ್ನಡದ ಬಿ.ಎ., ಟಿ.ಸಿ., ನಡತೆ ಪ್ರಮಾಣಪತ್ರ, ಎಲ್ಲವೂ ಲ್ಯಾಮಿನೇಟ್ ಆಗಿ, ಒಂದೊಂದಕ್ಕೂ ಮೂರು ಮೂರು ಜೆರಾಕ್ಸ್, ಮೂಲೆಯಲ್ಲಿ ಗೆಜೆಟೆಡ್ ಅಧಿಕಾರಿಯ ಹಸಿರು ಶಾಯಿ. ಮಗ ಲ್ಯಾಪ್‌ಟಾಪ್ ತೆರೆದು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅರ್ಜಿ ತುಂಬಿಸಿದ. ಹದಿನೈದು ನಿಮಿಷ. ಯಾರೂ ಏನನ್ನೂ ಕೇಳಲಿಲ್ಲ. ಹದಿನೆಂಟು ತುಂಬಿ, ಕಲಿತು ಪ್ರಯೋಜನ ಪಡೆಯಬಲ್ಲವರಾದರೆ ಸಾಕು, ಬನ್ನಿ ಎನ್ನುವುದು ಇಲ್ಲಿನ ಕಾನೂನು. ಹೈಸ್ಕೂಲು ಮುಗಿಸಿರಲೇಬೇಕೆಂದೂ ಇಲ್ಲ. ‘ನಡತೆ ಪ್ರಮಾಣಪತ್ರನಾದ್ರೂ ಅಪ್‌ಲೋಡ್ ಮಾಡೋ’ ಅಂದೆ. ‘ಅದಕ್ಕೆ ಜಾಗ ಇಲ್ಲ ಅಪ್ಪ’ ಅಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಲ್ಲಿ ಕಾಲೇಜಿಗೆ ಸೇರುವುದೇ ಒಂದು ಕುರುಕ್ಷೇತ್ರ: ಸಿಇಟಿ, ಕಟಾಫ್, ಕೋಟಾ, ಡೊನೇಶನ್ನು. ಒಮ್ಮೆ ಒಳಹೊಕ್ಕರೆ ಆಯಿತು, ಕಾಲ ತಾನಾಗಿ ಹುಡುಗನನ್ನು ಹೊರಕ್ಕೆ ತಳ್ಳುತ್ತದೆ. ಹೆಚ್ಚೆಂದರೆ ಒಂದೆರಡು ಸಪ್ಲಿಮೆಂಟರಿ, ನಾಲ್ಕು ಗ್ರೇಸ್ ಮಾರ್ಕ್ಸು. ಇಲ್ಲಿ ಮುಂಬಾಗಿಲಿಗೆ ಚಿಲಕವೇ ಇಲ್ಲ. ಹಿತ್ತಲ ಬಾಗಿಲಿಗೆ ಮಾತ್ರ ಹದಿನೆಂಟು ಬೀಗ. ಆ ಬೀಗಗಳ ಪಟ್ಟಿಯೇ ನಾನು ಹೇಳಿದ ಅಧ್ಯಾಯ.

ಎರಡು ವರ್ಷದ್ದೆಂದು ಕರೆಸಿಕೊಳ್ಳುವ ಅಸೋಸಿಯೇಟ್ ಡಿಗ್ರಿಗೆ 60 ಸೆಮಿಸ್ಟರ್ ಯೂನಿಟ್ ಬೇಕು. ಅದರಲ್ಲಿ ಕನಿಷ್ಠ 18 ಒಂದೇ ವಿಷಯದ್ದಾಗಿರಬೇಕು, ಪ್ರತಿ ಕೋರ್ಸಿನಲ್ಲೂ ‘ಸಿ’ಗೆ ಕಡಿಮೆ ಬರಬಾರದು. 12 ಯೂನಿಟ್ಟಾದರೂ ಅದೇ ಕಾಲೇಜಿನಲ್ಲಿ ಓದಿರಬೇಕು, ಸರಾಸರಿ 2.0 ಇಳಿಯಕೂಡದು. ಮೇಲೆ ಸಾಮಾನ್ಯ ಶಿಕ್ಷಣವೆಂಬ ಬುಫೆ: ಇಂಗ್ಲಿಷು ಒಂದು ಸೌಟು, ಗಣಿತ ಒಂದು ಸೌಟು, ವಿಜ್ಞಾನ, ಕಲೆ, ಸಮಾಜಶಾಸ್ತ್ರ, ಈಗೀಗ ಈ ನೆಲದ ಮೂಲನಿವಾಸಿಗಳ, ಕರಿಯರ, ಏಷ್ಯಾದವರ ಚರಿತ್ರೆ ಹೇಳುವ ಎಥ್ನಿಕ್ ಸ್ಟಡೀಸು. ಕೆಲವು ಕಾಲೇಜುಗಳಲ್ಲಿ ವ್ಯಾಯಾಮವೂ ಲೆಕ್ಕಕ್ಕೆ ಬರುತ್ತದೆ. ಯೋಗಾಸನ ಹಾಕಿ ಯೂನಿಟ್ ಗಳಿಸಬಹುದು. ಶವಾಸನಕ್ಕೂ ಗ್ರೇಡ್ ಇದ್ದಿದ್ದರೆ ನಾನು ಈ ದೇಶದ ರ‍್ಯಾಂಕ್ ವಿದ್ಯಾರ್ಥಿ. ಸರ್ಟಿಫಿಕೇಟಿನ ಹಾದಿ ಇಷ್ಟು ಸುತ್ತಲ್ಲ. ಅಲ್ಲಿ ಸಾಮಾನ್ಯವಾಗಿ ಬುಫೆ ಇರುವುದಿಲ್ಲ, ನೇರ ಊಟ. ಹದಿನಾರೋ ಇಪ್ಪತ್ತೋ ಯೂನಿಟ್ಟು, ಎಲ್ಲವೂ ಕಸುಬಿಗೆ ಬೇಕಾದದ್ದೇ.

ಇಷ್ಟೆಲ್ಲ ಮುಗಿಸಿದರೂ ಡಿಗ್ರಿ ತಾನಾಗಿ ಬಂದು ಕೊರಳಿಗೆ ಬೀಳುತ್ತದೆಂದು ನಂಬಿ ಕೂರುವಂತಿಲ್ಲ. ‘ನಾನು ಮುಗಿಸಿದ್ದೇನೆ, ದಯಮಾಡಿ ಕೊಡಿ’ ಎಂದು ಗಡುವಿನೊಳಗೆ ಅರ್ಜಿ ಹಾಕಬೇಕು. ಇದನ್ನು ಓದಿದಾಗ ನನ್ನ ಕಣ್ಣು ತುಂಬಿಬಂತು. ಏಳು ಸಮುದ್ರದಾಚೆಯೂ ನಮ್ಮ ಜನ ಇದ್ದಾರೆ.

ಇನ್ನೊಂದು ಸೊಗಸು ‘ಕ್ಯಾಟಲಾಗ್ ಹಕ್ಕು’. ನೀವು ಸೇರಿದ ವರ್ಷದ ಪುಸ್ತಕದಲ್ಲಿ ಏನು ಬರೆದಿತ್ತೋ, ನಡುವೆ ಓದು ಬಿಡದಿದ್ದರೆ, ಆ ಷರತ್ತುಗಳ ಮೇಲೆಯೇ ನೀವು ಹೊರಬೀಳಬಹುದು; ಆಮೇಲೆ ನಿಯಮ ಬದಲಾದರೆ ಅದು ಅವರ ಪಾಡು. ಹಳೇ ಸ್ಕೀಮು, ಹೊಸ ಸ್ಕೀಮು ಎಂದು ಹುಡುಗರು ಕೌಂಟರಿನ ಕಬ್ಬಿಣದ ಸರಳು ಹಿಡಿದು ಅಳುತ್ತಿದ್ದದ್ದು ನೆನಪಾಯಿತು. ಕರ್ನಾಟಕದಲ್ಲಂತೂ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು: ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಡಿಗ್ರಿ. 2024ರಲ್ಲಿ ಮತ್ತೆ ಹಳೆಯ ಮೂರು ವರ್ಷಕ್ಕೇ ಮರಳಿದೆವು. ನನ್ನ ಕುರ್ಚಿಯಲ್ಲಿ ಈಗ ಕೂತಿರುವವನ ಕೂದಲು ಇನ್ನೂ ಕಪ್ಪಗಿದ್ದರೆ ಅದು ಬಣ್ಣವೇ ಸರಿ.

ಈ ಯೂನಿಟ್ಟು ಅಂದರೇನು ಎಂದು ಕೆದಕುತ್ತಾ ಹೋದೆ. ಬುಡದಲ್ಲಿ ಸಿಕ್ಕದ್ದು, ನಂಬಿದರೆ ನಂಬಿ, ಪಿಂಚಣಿ. ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಕಾಲೇಜು ಮೇಷ್ಟ್ರುಗಳ ನಿವೃತ್ತಿ ವೇತನಕ್ಕೆಂದು ಒಂದು ಕೋಟಿ ಡಾಲರ್ ಕೊಟ್ಟ. ಹಣವೇನೋ ಬಂತು, ಆದರೆ ಯಾವುದನ್ನು ಕಾಲೇಜು ಎನ್ನುವುದು? ಆಗ ಊರೂರಿಗೂ ಕಾಲೇಜೆಂಬ ಬೋರ್ಡು. ಅವನ ಪ್ರತಿಷ್ಠಾನ ಒಂದು ಅಳತೆಗೋಲು ಮಾಡಿತು: ಹೈಸ್ಕೂಲಿನಲ್ಲಿ 14 ಯೂನಿಟ್ ಓದಿದವರನ್ನು ಮಾತ್ರ ಸೇರಿಸಿಕೊಳ್ಳುವುದು ಕಾಲೇಜು, ಒಂದು ಯೂನಿಟ್ ಎಂದರೆ ವರ್ಷವಿಡೀ ಒಂದು ವಿಷಯದಲ್ಲಿ ಸುಮಾರು 120 ಗಂಟೆ. ಪಿಂಚಣಿಯ ಆಸೆಗೆ ಎಲ್ಲರೂ ಆ ಕೋಲಿಗೆ ಮೈಯೊಡ್ಡಿದರು. ಮೇಷ್ಟ್ರು ಮುಪ್ಪಿನಲ್ಲಿ ಉಪವಾಸ ಬೀಳಬಾರದೆಂದು ಹುಟ್ಟಿದ ಲೆಕ್ಕ ವಿದ್ಯಾರ್ಥಿಯ ತಲೆಯ ಮೇಲೆ ಕೂತಿತು. ನಾನೂ ಪಿಂಚಣಿದಾರನೇ. ವರ್ಷಕ್ಕೊಮ್ಮೆ ನಾನಿನ್ನೂ ಬದುಕಿದ್ದೇನೆಂದು ಸರ್ಟಿಫಿಕೇಟ್ ಕಳಿಸುವವನು. ಅದಕ್ಕೆ ಬೇಕಾದ ಅರ್ಹತೆ ಒಂದೇ, ಆದರೂ ದಾಖಲೆ ಹೊಂದಿಸಲು ವಾರ ಹಿಡಿಯುತ್ತದೆ.

ಈ ಕಮ್ಯುನಿಟಿ ಕಾಲೇಜುಗಳ ಹುಟ್ಟೂ ಹೆಚ್ಚು ಕಡಿಮೆ ಅದೇ ಕಾಲದ್ದು. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್ ಊರಿನ ಹೈಸ್ಕೂಲಿನಲ್ಲಿ ಆರೇ ಆರು ವಿದ್ಯಾರ್ಥಿಗಳಿಗೆ ಕಾಲೇಜಿನ ಮೊದಲೆರಡು ವರ್ಷದ ಪಾಠ ಶುರುವಾಯಿತು. ಕ್ಯಾಲಿಫೋರ್ನಿಯಾ 1907ರಲ್ಲಿ ಕಾನೂನು ಮಾಡಿತು, ಈಗ ಇದೊಂದೇ ರಾಜ್ಯದಲ್ಲಿ 116 ಕಾಲೇಜುಗಳಿವೆ. ನಮ್ಮ ಮನೆಯಿಂದ ಬಹಳ ದೂರವಿಲ್ಲದ ಹೇವರ್ಡಿನ ಶಾಬೋ ಕಾಲೇಜಿನಲ್ಲಿ ಓದಿದ ಒಬ್ಬ ಹುಡುಗ ಹಾಲಿವುಡ್ ನಟ ಟಾಮ್ ಹ್ಯಾಂಕ್ಸ್. ಪ್ರವೇಶ ಪರೀಕ್ಷೆಯ ಅಂಕ ಕಳಪೆಯಾಗಿತ್ತೆಂದು, ಈ ಕಾಲೇಜಿಗೆ ತಾನು ಋಣಿಯೆಂದು 2015ರಲ್ಲಿ ಪತ್ರಿಕೆಯಲ್ಲಿ ಬರೆದುಕೊಂಡ. ಇದನ್ನು ಹೆಂಡತಿಗೆ ಹೇಳಿದೆ. ‘ಯಾರವನು?’ ಅಂದಳು.

ಅವಳ ಕಾಲೇಜು ಶುರುವಾಯಿತು. ಯೂನಿಟ್ಟಿಗೆ 46 ಡಾಲರು, ಮೂರು ಯೂನಿಟ್ಟಿನ ಒಂದು ಕೋರ್ಸಿಗೆ 138. ಅರ್ಜಿಯಲ್ಲಿ ‘ನಿಮ್ಮ ಶೈಕ್ಷಣಿಕ ಗುರಿ ಯಾವುದು?’ ಎಂಬ ಪ್ರಶ್ನೆಗೆ ಡಿಗ್ರಿ, ಸರ್ಟಿಫಿಕೇಟು, ವರ್ಗಾವಣೆ, ಹೊಸ ಕೆಲಸ ಎಂದು ಪಟ್ಟಿಯಿತ್ತು. ಅವಳು ‘ಇನ್ನೂ ನಿರ್ಧರಿಸಿಲ್ಲ’ ಎಂಬುದನ್ನು ಒತ್ತಿದ್ದಳು. ಮೊದಲ ಕೋರ್ಸು ಮಗುವಿನ ಬೆಳವಣಿಗೆ, ಎರಡನೆಯದು ಮಗು-ಕುಟುಂಬ-ಸಮುದಾಯ. ಚಾಮರಾಜಪುರಂನ ವಠಾರದಲ್ಲಿ ತನ್ನವೆರಡು, ಅಕ್ಕಪಕ್ಕದ ಏಳು, ಒಟ್ಟು ಒಂಬತ್ತು ಮಕ್ಕಳನ್ನು ಕುಕ್ಕರಿನ ವಿಷಲ್ ಎಣಿಸುತ್ತಲೇ ಮೇಯಿಸಿದವಳಿಗೆ, ಕೈಕೂಸುಗಳಾದರೆ ನಾಲ್ಕಕ್ಕೊಬ್ಬರು, ಪ್ರೀಸ್ಕೂಲಾದರೆ ಹನ್ನೆರಡಕ್ಕೊಬ್ಬರು ಟೀಚರಿರಬೇಕು ಎಂದು ಪಾಠ. ನೋಟ್ ಮಾಡಿಕೊಂಡಳು.

ನನ್ನೊಳಗಿನ ಪರೀಕ್ಷಾ ವಿಭಾಗ ಸುಮ್ಮನಿರುತ್ತದೆಯೇ? ಇಲ್ಲಿನ ನಿಯಮದಂತೆ ತರಗತಿ, ಮನೆಗೆಲಸ ಎಲ್ಲ ಸೇರಿ ಕನಿಷ್ಠ 48 ಗಂಟೆಯ ದುಡಿಮೆಗೆ ಒಂದು ಯೂನಿಟ್. ಕೂಸು ಹುಟ್ಟಿದ ಮೊದಲ ವರ್ಷ ತಾಯಿಗೆ ಹಗಲಿಲ್ಲ, ರಾತ್ರಿಯಿಲ್ಲ. ವರ್ಷಕ್ಕೆ 8760 ಗಂಟೆ. ಭಾಗಿಸಿದರೆ 182.5 ಯೂನಿಟ್. ಮೂರು ಅಸೋಸಿಯೇಟ್ ಡಿಗ್ರಿ ಪಡೆದು ಎರಡೂವರೆ ಯೂನಿಟ್ ಮಿಗುತ್ತದೆ, ಅದೂ ಒಂದೇ ಮಗುವಿಗೆ. ಜೊತೆಗೆ, ಮೊದಲೇ ಬೇರೆಡೆ ಕಲಿತದ್ದನ್ನು ತೋರಿಸಿ ಯೂನಿಟ್ ಕೇಳಲು ಇಲ್ಲಿ ಅವಕಾಶವೂ ಇದೆ. ಸೈನ್ಯದಲ್ಲಿದ್ದವರು, ಕಸುಬು ಬಲ್ಲವರು ಕೇಳುತ್ತಾರೆ. ಉತ್ಸಾಹದಿಂದ ಒಂದು ಅರ್ಜಿಯ ಕರಡು ತಯಾರಿಸಿ ಅವಳ ಮುಂದಿಟ್ಟೆ.

ಓದಿ ಪಕ್ಕಕ್ಕಿಟ್ಟಳು. ‘ಮಕ್ಕಳನ್ನ ಬೆಳೆಸಿದ್ದಕ್ಕೆ ಸಾಕ್ಷಿ ಬೇಕಲ್ಲ, ಯಾರನ್ನ ಕರೀಲಿ? ನಿಮ್ಮನ್ನಾ? ನೀವಾಗ ವ್ಯಾಲ್ಯುಯೇಶನ್ ಕ್ಯಾಂಪಲ್ಲಿ ಇದ್ರಿ.’

ಕರಡನ್ನು ಫೈಲಿಗೆ ಸೇರಿಸಿದೆ.

ನನಗೆ ಅರ್ಥವಾಗದೆ ಹೋದದ್ದು ಬೇರೆ. ಇಷ್ಟೆಲ್ಲ ಬಲ್ಲವಳು ತರಗತಿಯಲ್ಲಿ ಬೇಸರಪಡಬೇಕಿತ್ತು, ಆದರೆ ದಿನೇ ದಿನೇ ಮುಖ ಅರಳುತ್ತಿತ್ತು. ಒಮ್ಮೆ ಒಂದು ಮನೆಗೆಲಸ ಕೊಟ್ಟಿದ್ದರು: ಒಂದು ಮಗುವನ್ನು ಇಪ್ಪತ್ತು ನಿಮಿಷ ಗಮನಿಸಿ, ಕಂಡದ್ದನ್ನಷ್ಟೇ ಬರೆಯಿರಿ. ಇವಳು ಮೊಮ್ಮಗನನ್ನು ನೋಡಿ ‘ಬಲೇ ತುಂಟ, ಹಠಮಾರಿ, ಆದರೆ ಮನಸ್ಸು ಬೆಣ್ಣೆ’ ಎಂಬರ್ಥದಲ್ಲಿ ಬರೆದಳು. ಕೆಂಪು ಶಾಯಿಯಲ್ಲಿ ವಾಪಸು ಬಂತು. ತುಂಟ ಎನ್ನುವುದು ನಿಮ್ಮ ಅಭಿಪ್ರಾಯ, ಅವನು ಮಾಡಿದ್ದೇನು? ಮತ್ತೆ ಕೂತಳು. ಮೂರು ಸಲ ಮರದ ತುಂಡು ಎಸೆದ, ಮೂರು ಸಲವೂ ಎಸೆದ ಮೇಲೆ ತಾಯಿಯ ಮುಖ ನೋಡಿದ. ನಾಲ್ಕನೆಯ ಸಲ ತಾಯಿ ಫೋನ್ ಕೆಳಗಿಟ್ಟಳು. ಅವನು ಎಸೆಯಲಿಲ್ಲ. ಇದನ್ನು ಬರೆದು ಮುಗಿಸಿ ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ‘ನಮ್ಮ ದೊಡ್ಡೋನೂ ಚೊಂಬು ಎಸೀತಿದ್ದ, ನೆನಪಿದೆಯಾ?’ ಅಂದಳು. ನನಗೆ ನೆನಪಿರಲಿಲ್ಲ.

ಆ ಅಭ್ಯಾಸ ಮನೆಗೂ ಹಬ್ಬಿತು. ಅವಳ ನೋಟ್‌ಬುಕ್ಕಿನಲ್ಲಿ ಒಂದು ಪುಟ ನನ್ನ ಕಣ್ಣಿಗೆ ಬಿತ್ತು. ಕನ್ನಡದಲ್ಲಿತ್ತು, ಹಾಗಾಗಿ ಕಾಲೇಜಿಗಲ್ಲ. ‘ವಯಸ್ಸು 67. ಕಿಟಕಿಯ ಪಕ್ಕ ಕೂತಿದ್ದಾರೆ. ಇಪ್ಪತ್ತು ನಿಮಿಷದಲ್ಲಿ ಆರು ಸಲ ಅದೇ ಪುಟ ತಿರುಗಿಸಿದರು. ಎರಡು ಸಲ ಪೆನ್ಸಿಲ್ ಚೂಪು ಮಾಡಿದರು. ಒಂದು ಸಲ ಅಡುಗೆಮನೆ ಕಡೆ ನೋಡಿದರು. ಕಾಫಿ ಕೇಳಲಿಲ್ಲ.’ ಅಭಿಪ್ರಾಯದ ಒಂದು ಪದವೂ ಇರಲಿಲ್ಲ. ನಾನಾಗಿದ್ದರೆ ಡಿಸ್ಟಿಂಕ್ಷನ್ ಕೊಡುತ್ತಿದ್ದೆ.

ಎರಡು ಸೆಮಿಸ್ಟರಿನಲ್ಲಿ ಹನ್ನೆರಡು ಯೂನಿಟ್ ಮುಗಿಯಿತು. ಕ್ಷಯದ ತಪಾಸಣೆ, ಲಸಿಕೆಯ ದಾಖಲೆ, ಬೆರಳಚ್ಚು ಕೊಟ್ಟು ಹತ್ತಿರದ ಪ್ರೀಸ್ಕೂಲಿನಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದಳು. ಮಕ್ಕಳು ಅವಳನ್ನು ‘ಅಜ್ಜಿ’ ಎಂದೇ ಕರೆಯುತ್ತವೆ. ಅದು ಅವಳ ಹೆಸರೆಂದು ಅರ್ಧ ತರಗತಿ ತಿಳಿದಿದೆಯಂತೆ. ನಾನು ಪಟ್ಟುಬಿಡದೆ ಲೆಕ್ಕ ತೋರಿಸಿದೆ: ಇನ್ನು ಕೆಲವೇ ಕೋರ್ಸಿಗೆ ಸರ್ಟಿಫಿಕೇಟ್ ಕೈಗೆ ಬರುತ್ತದೆ, ಇನ್ನು 48 ಯೂನಿಟ್ಟಿಗೆ ಡಿಗ್ರಿ, ನಿನ್ನ ಕ್ಯಾಟಲಾಗ್ ಹಕ್ಕು ಕೈಬಿಟ್ಟು ಹೋಗಬಾರದು. ‘ನಂಗೆ ಬೇಕಾದ್ದು ಸಿಕ್ತಲ್ಲ’ ಅಂದಳು.

ಮುಂದಿನ ಸೆಮಿಸ್ಟರಿಗೆ ಮತ್ತೆ ಹೆಸರು ನೋಂದಾಯಿಸಿಕೊಂಡದ್ದು ಮಗನಿಂದ ತಿಳಿಯಿತು. ಮಕ್ಕಳ ಶಿಕ್ಷಣವಲ್ಲ, ಕುಂಬಾರಿಕೆ. ಸೋಮವಾರ, ಬುಧವಾರ ಸಂಜೆ ಮಣ್ಣಿನ ಕೈಯಲ್ಲಿ ಮನೆಗೆ ಬರುತ್ತಾಳೆ.

‘ಇದು ಯಾವ ರಿಕ್ವೈರ್‌ಮೆಂಟಿಗೆ?’ ಎಂದು ಕೇಳಿದೆ.

‘ಮಣ್ಣು ಕಲಸೋಕೂ ರಿಕ್ವೈರ್‌ಮೆಂಟ್ ಬೇಕೇನ್ರೀ?’ ಎಂದು ಕೈ ತೊಳೆಯಲು ಹೋದಳು.

ಅವಳು ಮರೆಯಾದ ಮೇಲೆ ಕ್ಯಾಟಲಾಗು ತೆಗೆದು ನೋಡಿದೆ. ಕಲೆಯ ವಿಭಾಗದಲ್ಲಿ ಅದಕ್ಕೆ 3 ಯೂನಿಟ್ ಇದೆ. ಪುಟದ ಅಂಚಿನಲ್ಲಿ 48 ಹೊಡೆದುಹಾಕಿ, ಪೆನ್ಸಿಲಿನಲ್ಲೇ, ಸಣ್ಣದಾಗಿ 45 ಎಂದು ಬರೆದಿಟ್ಟೆ.