ಬೈಗುಳದಲ್ಲೂ ನಮ್ಮ ಪಾಲು ಕೊಡಿರಿ

ಸೆಪ್ಟೆಂಬರ್ 17ರ ಸರ್ವಪಕ್ಷಗಳ ಭಾಷಣಕಾರರ ಸನ್ನಿಧಿಗೆ ತೆಲಂಗಾಣದ ಮಕ್ತಲ್ ಕಡೆಯ ಕನ್ನಡ ಮಾತಾಡುವ ಮತದಾರನ ನಮಸ್ಕಾರಗಳು.

ಈ ಕಡೆ ನಾವೆಲ್ಲ ಕ್ಷೇಮ. ನಿಮ್ಮ ಗಂಟಲು ಕ್ಷೇಮವಾಗಿರುವುದು ಮೈಕಿನಿಂದಲೇ ತಿಳಿಯುತ್ತಿದೆ.

ಭಾಷಾ ಅಲ್ಪಸಂಖ್ಯಾತರಾದ ನಮಗೆ ದೊಡ್ಡ ಅನ್ಯಾಯವಾಗುತ್ತಿದೆ, ಸಾಹೇಬರೇ. ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ಸೇನೆ ನುಗ್ಗಿದ ಸಂಗತಿ ಹಿಡಿದು ಪ್ರತಿ ವರ್ಷ ನೀವು ಒಬ್ಬರನ್ನೊಬ್ಬರು ತೆಲುಗಿನಲ್ಲಿ ಬೈಯುತ್ತೀರಿ, ಉರ್ದುವಿನಲ್ಲಿ ಬೈಯುತ್ತೀರಿ, ದೆಹಲಿಯವರು ಬಂದರೆ ಹಿಂದಿಯಲ್ಲೂ ಆಗುತ್ತದೆ. ಕನ್ನಡಕ್ಕೆ ಒಂದು ಬೈಗುಳವೂ ಇಲ್ಲ. ಮಕ್ಕಳ ಪ್ರಾಥಮಿಕ ಶಿಕ್ಷಣ ತಾಯ್ನುಡಿಯಲ್ಲಿ ನಡೆಯಲು ಅನುಕೂಲ ಮಾಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಈಗಿನ ರಾಜಕೀಯದಲ್ಲಿ ಬೈಗುಳವೇ ಪ್ರಾಥಮಿಕ ಶಿಕ್ಷಣ ಎಂದು ಯಾರಿಗೆ ಗೊತ್ತಿಲ್ಲ? ಕೃಷ್ಣಾ ಮಂಡಲದ ನಮ್ಮ ಹುಡುಗರು ಹಿಂದೆ ಬಿದ್ದರೆ ಹೊಣೆ ಯಾರು?

1948ರ ಸೆಪ್ಟೆಂಬರ್ 13ಕ್ಕೆ ಸೇನೆ ಒಳಗೆ ಬಂತು. 17ಕ್ಕೆ ನಿಜಾಮರು ಕದನವಿರಾಮ ಸಾರಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್, ಮೇಜರ್ ಜನರಲ್ ಜೆ.ಎನ್. ಚೌಧುರಿಯವರಿಗೆ ಶರಣಾದರು. ಬಂದೂಕು ಹಿಡಿದವರು ಐದು ದಿನಕ್ಕೆ ಮುಗಿಸಿ ಎದ್ದರು. ಮೈಕು ಹಿಡಿದ ನೀವು ಇನ್ನೂ ಕದನವಿರಾಮದ ಮಾತೇ ಎತ್ತಿಲ್ಲ.

ಚೌಧುರಿಯವರು 1949ರ ಕೊನೆಯವರೆಗೆ ಮಿಲಿಟರಿ ಗವರ್ನರ್ ಆಗಿ ಆಳಿದರು. ಆ ಸೇನಾ ಆಡಳಿತ ಹೇಗಿತ್ತೆಂದು ನಿಮ್ಮ ಒಂದು ವೇದಿಕೆಯ ಮುಂದೆ ನಿಂತು ಯಾರಾದರೂ ಕೇಳಲಿ, ಕೇಳಿದವನೇ ರಜಾಕಾರ, ನಿಜಾಮರ ಪರದ ಖಾಸಗಿ ಪಡೆಯವ. ಸರಿ ಎಂದು ಪಕ್ಕದ ವೇದಿಕೆಗೆ ಹೋಗಿ, ರಜಾಕಾರರು ಏನೇನು ಮಾಡಿದರೆಂದು ಕೇಳಲಿ, ಅಲ್ಲಿ ಅವನೇ ಕೋಮುವಾದಿ. ಎರಡು ಪ್ರಶ್ನೆಗೆ ಎರಡು ಬಿರುದು, ಉತ್ತರ ಮಾತ್ರ ಸೊನ್ನೆ. ರಜಾಕಾರರ ಮುಖಂಡ ಕಾಸಿಂ ರಜ್ವಿ 1957ರಲ್ಲಿ ಜೈಲಿನಿಂದ ಹೊರಬಂದು ಪಾಕಿಸ್ತಾನ ಸೇರಿದರು, 1970ರಲ್ಲಿ ತೀರಿಕೊಂಡರು. ಅವರ ಪಡೆಗೆ ಭರ್ತಿ ನಿಂತಿಲ್ಲ. ರಸ್ತೆ ಕೇಳಿದವನನ್ನೂ ಸೇರಿಸಿಕೊಳ್ಳುತ್ತಿದ್ದೀರಿ. ಇಷ್ಟು ಸಲೀಸಾಗಿ ಸ್ವತಃ ರಜ್ವಿಯೂ ಭರ್ತಿ ಮಾಡಿಕೊಂಡಿರಲಿಕ್ಕಿಲ್ಲ.

ದಿನದ ಹೆಸರಿನ ಜಗಳವೂ ಉಂಟಲ್ಲ. 2022ರಲ್ಲಿ ಕೇಂದ್ರಕ್ಕೆ ಅದು ಹೈದರಾಬಾದ್ ವಿಮೋಚನಾ ದಿನ, ಅದೇ ದಿನ ರಾಜ್ಯಕ್ಕೆ ಜಾತೀಯ ಸಮೈಕ್ಯತಾ ದಿನ, ಎಂದರೆ ರಾಷ್ಟ್ರೀಯ ಏಕತಾ ದಿನ. 2024ರಲ್ಲಿ ರಾಜ್ಯಕ್ಕೆ ಪ್ರಜಾಪಾಲನಾ ದಿನ. ಹೊಳೆಯಾಚೆ ರಾಯಚೂರಿನಲ್ಲಿ 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ. ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿದವನು ಸೇತುವೆ ದಾಟುವಷ್ಟರಲ್ಲಿ ಹಬ್ಬ ಬದಲಾಗಿರುತ್ತದೆ. ಗದ್ವಾಲದವರ ಪಾಡು ಇನ್ನೂ ಮಜಾ. 1956ರವರೆಗೆ ಅವರು ರಾಯಚೂರು ಜಿಲ್ಲೆಯವರು, ಆಮೇಲೆ ಮಹಬೂಬನಗರ, 2016ರಿಂದ ಜೋಗುಳಾಂಬ ಗದ್ವಾಲ. ಮನೆ ಬಿಟ್ಟು ಕದಲದೆ ಇಷ್ಟೆಲ್ಲ ಸುತ್ತಿದವರು ಯಾವ ಹೆಸರಿಗೆ ಚಪ್ಪಾಳೆ ತಟ್ಟಬೇಕೆಂದು ಒಂದು ಸುತ್ತೋಲೆಯಾದರೂ ಬೇಡವೇ?

ಚಪ್ಪಾಳೆಯ ನಡುವೆ ಸತ್ತವರ ಹೆಸರು ಅರ್ಧ ಅರ್ಧವಾಗಿ ಹಂಚಿಹೋಗಿದೆ. 1948ರ ಮೇ ತಿಂಗಳಲ್ಲಿ ಬೀದರ್ ಸೀಮೆಯ ಗೋರಟಾದಲ್ಲಿ ರಜಾಕಾರರು ಊರ ಮಂದಿಯನ್ನು ಕೊಂದರು. ಇದು ಒಂದು ವೇದಿಕೆಯ ಪಾಲು. ಸೇನೆ ಬಂದ ಮೇಲೆ ಪಂಡಿತ್ ಸುಂದರಲಾಲ್ ಸಮಿತಿ ಅದೇ ವರ್ಷದ ನವೆಂಬರ್, ಡಿಸೆಂಬರ್‌ನಲ್ಲಿ ಸಂಸ್ಥಾನ ಸುತ್ತಿ, ಸೇನಾ ಕಾರ್ಯಾಚರಣೆಯ ಹೊತ್ತಿಗೂ ಆಮೇಲೂ 27ರಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜಿಸಿತು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್‌ಗಳಲ್ಲಿ ಹೆಚ್ಚು ಹಾನಿ. ಸರ್ದಾರ್ ಪಟೇಲರು ವರದಿಯನ್ನು ಒಪ್ಪಲಿಲ್ಲ, ಅದು ದಶಕಗಳ ಕಾಲ ಪ್ರಕಟವಾಗಲೂ ಇಲ್ಲ. ಇದು ಇನ್ನೊಂದು ವೇದಿಕೆಯ ಪಾಲು, ಅದೂ ಮತಕ್ಕೆ ಆಗಿಬಂದರೆ. ಭಾರತಕ್ಕೆ ಸೇರೋಣ ಎಂಬ ವಾದವನ್ನು ಬೆಂಬಲಿಸಿ, ಆ ವರ್ಷದ ಆಗಸ್ಟ್‌ನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ಇಬ್ಬರಿಗೂ ಅಡಚಣೆ. ಹೆಸರು ಒಂದು ವೇದಿಕೆಗೆ ಒಗ್ಗದು, ಸತ್ತ ಕಾರಣ ಇನ್ನೊಂದಕ್ಕೆ ಒಗ್ಗದು.

ನೇಕಾರರ ಊರಾದ ನಾರಾಯಣಪೇಟೆಯ ಸೀರೆಯನ್ನು ನಿಮ್ಮ ಮನೆಯವರೂ ಉಟ್ಟಿರಬಹುದು. ಸುಂದರಲಾಲ್ ವರದಿಯಲ್ಲಿ ನೇಕಾರರದೊಂದು ಸಂಗತಿ ಇದೆ. ಕೆಲವು ಕಡೆ ಮುಸಲ್ಮಾನ ನೇಕಾರರ ಮೇಲೆ ಹಿಂದೂಗಳು ಏರಿಬಂದಾಗ ಹಿಂದೂ ನೇಕಾರರು ಅಡ್ಡ ನಿಂತು ಅವರನ್ನು ಕಾಯ್ದರು, ಜೀವವನ್ನೂ ತೆತ್ತರು. ಇಂಥವರನ್ನು ಏನೆಂದು ಬೈಯಬೇಕೆಂದು ನಿಮ್ಮ ಯಾವ ವೇದಿಕೆಗೂ ತೋಚಿಲ್ಲ. ಅದಕ್ಕೇ ಇರಬೇಕು, ಆ ಪುಟವನ್ನು ಯಾರೂ ಓದುತ್ತಿಲ್ಲ.

ಬರುವ ಸೆಪ್ಟೆಂಬರ್ 17ಕ್ಕೆ ನಾರಾಯಣಪೇಟೆಯಲ್ಲಿ ಮೈಕು ಹಿಡಿಯುವವರು ಯಾವ ಪಕ್ಷದವರೇ ಆಗಿರಲಿ, ಗೋರಟಾದ ಹೆಸರೆತ್ತಿದ ಬಾಯಲ್ಲೇ ಆ ಪುಟವನ್ನೂ ತೆಲುಗಿನಲ್ಲಿ ಓದಿರಿ. ಕನ್ನಡಕ್ಕೆ ನಾವೇ ಮಾಡಿಕೊಳ್ಳುತ್ತೇವೆ, ಅದಕ್ಕೆ ಭತ್ಯೆ ಬೇಡ.